ಬೆಳಗಿನ ಕೊಡ, ಸಂಜೆಯ ಕೊಡ: ಬಾದಾಮಿ ಸೀಮೆಯ ಒಂದು ಗುಡ್ಡ, ಒಂದು ಸೆಲೆ

ಇದು ಬಾಗಲಕೋಟೆ ಜಿಲ್ಲೆಯ ಬಾದಾಮಿ ಸೀಮೆಯ ಒಂದು ಸಣ್ಣ ಊರಿನ ವಿಷಯ. ಊರಿನ ಹೆಸರು, ಜನರ ಹೆಸರು ಬರೆಯುವುದಿಲ್ಲ. ಗುರುತು ಸಿಗದಿರಲಿ ಎಂದು ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ಈ ಊರಿಗೆ ನಾನು ಎಂಟು ವರ್ಷ ಹೋಗಿ ಬಂದಿದ್ದೇನೆ. ಅಲ್ಲಿ ನಾವು ಕೆಲವು ತಪ್ಪು ಮಾಡಿದೆವು. ಅದೇ ತಪ್ಪನ್ನು ಇನ್ನೊಂದು ಊರಿನವರು ಮತ್ತೆ ಮಾಡಬಾರದು, ಅಷ್ಟೇ ನನ್ನ ಆಸೆ.

ಗುಡ್ಡ ಹೇಗಿತ್ತು

ಬಾದಾಮಿಯ ಕೆಂಪು ಮರಳುಗಲ್ಲಿನ ಗುಡ್ಡ ನೋಡಿದವರಿಗೆ ಈ ಊರು ಕಣ್ಣಿಗೆ ಕಟ್ಟುತ್ತದೆ. ಹಿಂದೆ ಗುಡ್ಡ. ಮುಂದೆ ಮಸಾರಿ ಹೊಲ, ಅದರಾಚೆ ಎರೆ ಹೊಲ. ಗುಡ್ಡದ ಬುಡದಲ್ಲಿ ಒಂದು ಹೊಂಡ, ಪಕ್ಕದಲ್ಲಿ ಅಮ್ಮನ ಕಟ್ಟೆ. ಕಲ್ಲಿನ ಸಂದಿಯಿಂದ ನೀರು ಜಿನುಗಿ ಹೊಂಡಕ್ಕೆ ಬೀಳುತ್ತದೆ. ಊರಿನವರು ಅದನ್ನು ಸೆಲೆ ಎನ್ನುತ್ತಾರೆ. ಮಹಾಕೂಟದ ಪುಷ್ಕರಣಿಗೆ ಹೋದವರಿಗೆ ಇಂಥ ನೀರಿನ ತಂಪು ಗೊತ್ತು.

ಸೆಲೆಯ ಕೆಲಸ ಸರಳ. ಮರಳುಗಲ್ಲು ಗಟ್ಟಿ, ಆದರೆ ಬಿರುಕು ಬಹಳ. ಮಳೆ ನೀರು ಬಿರುಕಿನೊಳಗೆ ಇಳಿಯುತ್ತದೆ. ಕೆಳಗೆ ನೀರು ಬಿಡದ ಪದರ ಸಿಕ್ಕಾಗ ಅಡ್ಡಕ್ಕೆ ಹರಿದು ಬುಡದಲ್ಲಿ ಹೊರಬರುತ್ತದೆ. ಹೀಗೆ ಬರಲು ವಾರಗಳು, ತಿಂಗಳುಗಳು ಬೇಕು. ಹಸ್ತಾ ಮಳೆಯಲ್ಲಿ ಬಿದ್ದ ನೀರು ಬೇಸಿಗೆಗೆ ಸಿಗುವುದು ಹೀಗೆ. ಈ ಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550ರಿಂದ 600 ಮಿಲಿಮೀಟರ್. ಅದರಲ್ಲಿ ಹೆಚ್ಚಿನದು ಸೆಪ್ಟೆಂಬರ್ ಸುತ್ತಮುತ್ತ. ಒಂದು ತಿಂಗಳು ಕೈಕೊಟ್ಟರೆ ವರ್ಷವೇ ಕೈಕೊಟ್ಟ ಹಾಗೆ.

ಗುಡ್ಡದ ಕಾಡನ್ನು ಕಾಡು ಎಂದು ಹೊರಗಿನವರು ಒಪ್ಪುವುದಿಲ್ಲ. ಮಲೆನಾಡಿನ ಕಣ್ಣಿಗೆ ಅದು ಬರೀ ಪೊದೆ. ಮೇಲಿನ ಬಯಲಲ್ಲಿ ದಿಂಡಲ, ಇಳಿಜಾರಿನಲ್ಲಿ ಮುತ್ತಲ, ಕಕ್ಕೆ, ಬಿಳಿಜಾಲಿ. ಕಲ್ಲಿನ ನಡುವೆ ಬಂದರಿಕೆ, ತಂಗಡಿ, ಕವಳಿ, ಬಾರಿ. ಬುಡದಲ್ಲಿ ಬೇವು, ಹುಣಸೆ, ಒಂದು ದೊಡ್ಡ ಬನ್ನಿ. ದಸರೆಯಲ್ಲಿ ಇಡೀ ಊರು ಆ ಬನ್ನಿಯ ಎಲೆಯನ್ನೇ ಬಂಗಾರ ಎಂದು ಹಂಚಿಕೊಳ್ಳುತ್ತದೆ. ಮಳೆ ಬಿದ್ದು ಹದಿನೈದು ದಿನದಲ್ಲಿ ಈ ಗುಡ್ಡ ಹಸಿರಾಗುವ ಚಂದ ನೋಡಬೇಕು. ಎಲೆ ಉದುರಿದ ಕಾಡನ್ನು ಸತ್ತ ಕಾಡು ಎಂದುಕೊಳ್ಳುವುದು ನಮ್ಮ ಮೊದಲ ತಪ್ಪು. ಅದರ ವಿಷಯ ಮುಂದೆ ಬರುತ್ತದೆ.

2016ರ ಬೇಸಿಗೆ

2014 ಮತ್ತು 2015, ಎರಡು ವರ್ಷ ಸಾಲಾಗಿ ದೇಶದಲ್ಲೇ ಮುಂಗಾರು ಕಡಿಮೆ. 2016ರ ಬೇಸಿಗೆಯಲ್ಲಿ ನಾನು ಮೊದಲ ಸಲ ಅಲ್ಲಿಗೆ ಹೋದಾಗ ಹೊಂಡದ ತಳ ಬಿರಿದಿತ್ತು. ಸಂಕ್ರಾಂತಿಗೆ ಮೊದಲೇ ಸೆಲೆ ನಿಂತಿತ್ತಂತೆ. ಹಿರಿಯರು ಚಿಕ್ಕವರಿದ್ದಾಗ ಅದು ವರ್ಷವಿಡೀ ಹರಿಯುತ್ತಿತ್ತು. ಆಮೇಲೆ ಬಸವ ಜಯಂತಿವರೆಗೆ ಬಂತು. ಆಮೇಲೆ ಯುಗಾದಿವರೆಗೆ. ಊರಿನವರು ಸೆಲೆಯ ಆಯುಷ್ಯವನ್ನು ಹಬ್ಬದಿಂದ ಹಬ್ಬಕ್ಕೆ ಅಳೆಯುತ್ತಾರೆ. ನಾನೂ ಇಲ್ಲಿ ಅದೇ ಅಳತೆ ಇಟ್ಟುಕೊಂಡಿದ್ದೇನೆ.

ಗುಡ್ಡದ ಮೇಲೆ ದಿಂಡಲಗಳು ಒಣಗಿ ನಿಂತಿದ್ದವು. ತೊಗಟೆ ಸುಲಿದು, ಹುಳು ಕೊರೆದ ಪುಡಿ ಬುಡದಲ್ಲಿ ಬಿದ್ದಿತ್ತು. ಒಬ್ಬ ಅಜ್ಜ ಕೇಳಿದ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. 1972ರ ಬರದಲ್ಲಿ ಊರಿಗೆ ಊರೇ ಗುಳೆ ಹೋಗಿತ್ತು, ಆಗಲೂ ಈ ಮರ ಸತ್ತಿರಲಿಲ್ಲ, ಈಗ ಯಾಕೆ ಸಾಯುತ್ತಿವೆ?

ಈ ಸೀಮೆಗೆ ಬರ ಹೊಸದಲ್ಲ, ನಿಜ. 1876–78ರ ಮಹಾ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆ ಬಹಳ ಕಷ್ಟಪಟ್ಟಿತ್ತು. ಆದರೆ ಇಂದಿನ ಬರದ ಜೊತೆ ಬಿಸಿಯೂ ಜಾಸ್ತಿ. 1901ರಿಂದ 2018ರ ನಡುವೆ ಭಾರತದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಏರಿದೆ. ಕೇಳಲು ಸಣ್ಣ ಅಂಕಿ. ಆದರೆ ಗಾಳಿ 1 ಡಿಗ್ರಿ ಬಿಸಿಯಾದರೆ ಅದು ಹಿಡಿಯಬಲ್ಲ ನೀರಾವಿ ನೂರಕ್ಕೆ ಸುಮಾರು 7ರಷ್ಟು ಹೆಚ್ಚುತ್ತದೆ. ಮಳೆ ಅಷ್ಟೇ ಬಿದ್ದರೂ ಗಾಳಿ ಎಲೆಯಿಂದ, ಮಣ್ಣಿನಿಂದ ಜಾಸ್ತಿ ನೀರು ಎಳೆಯುತ್ತದೆ.

ಮರದೊಳಗೆ ನೀರು ಬೇರಿನಿಂದ ಎಲೆವರೆಗೆ ಒಂದು ದಾರದ ಹಾಗೆ ಎಳೆದು ನಿಂತಿರುತ್ತದೆ. ಮೇಲಿನಿಂದ ಎಳೆತ ಜಾಸ್ತಿಯಾಗಿ, ಕೆಳಗೆ ನೀರು ಸಿಗದಿದ್ದರೆ ದಾರ ಕಡಿಯುತ್ತದೆ. ಆ ಜಾಗದಲ್ಲಿ ಗಾಳಿ ಗುಳ್ಳೆ ಸೇರುತ್ತದೆ. ಹಾಗೆ ಬಹಳ ನಾಳ ಕೆಟ್ಟರೆ ಆ ಕೊಂಬೆ ಮುಗಿಯಿತು. ಇದನ್ನು ತಪ್ಪಿಸಲು ಮರ ಎಲೆಯ ಸಣ್ಣ ಬಾಯಿಗಳನ್ನು ಮುಚ್ಚಿಕೊಳ್ಳುತ್ತದೆ. ಆಗ ನೀರು ಉಳಿಯುತ್ತದೆ, ಆದರೆ ಊಟ ತಯಾರಾಗುವುದಿಲ್ಲ. ಬಾಯಾರಿಕೆ ಒಂದು ಕಡೆ, ಹಸಿವು ಇನ್ನೊಂದು ಕಡೆ. ಬಸವಳಿದ ಮರಕ್ಕೆ ಕೊನೆಗೆ ಹುಳು ಬೀಳುತ್ತದೆ.

ಎಲ್ಲವನ್ನೂ ಹವಾಮಾನದ ಮೇಲೆ ಹಾಕುವುದು ಸರಿಯಲ್ಲ. ಗುಡ್ಡದಲ್ಲಿ ಕಟ್ಟಿಗೆ ಕಡಿದಿದ್ದರು. ಆಡುಗಳು ಜಾಸ್ತಿಯಾಗಿದ್ದವು. ಕೆಳಗಿನ ಹೊಲಗಳಲ್ಲಿ ಬೋರು ಹೆಚ್ಚಿದ್ದವು. ಮೊದಲೇ ಬಡವಾಗಿದ್ದ ಗುಡ್ಡದ ಮೇಲೆ ಬಿಸಿ ಬಂದು ಕೂತಿತು.

ನಾವು ಮಾಡಿದ ಮೊದಲ ಕೆಲಸ

ಮರ ಸತ್ತಿವೆ, ಗಿಡ ಹಚ್ಚೋಣ. ಯಾರಿಗಾದರೂ ಮೊದಲು ಹೊಳೆಯುವುದು ಇದೇ, ಅಲ್ವಾ? ಆ ಮಳೆಗಾಲದಲ್ಲಿ ಊರಿನ ಯುವಕರು, ನಮ್ಮ ತಂಡ ಸೇರಿ ಗುಡ್ಡದ ತುಂಬ ಗುಂಡಿ ತೋಡಿದೆವು. ನರ್ಸರಿಯಿಂದ ಬೇಗ ಬೆಳೆಯುವ ಸಸಿ ತಂದೆವು. ಹಾಡು, ಊಟ, ಫೋಟೊ ಎಲ್ಲ ಆಯಿತು. ಮನಸ್ಸು ತುಂಬಿತ್ತು.

ಗುಂಡಿ ತೋಡುವಾಗ ಅಡ್ಡ ಬಂದ ಬಂದರಿಕೆ, ತಂಗಡಿ, ಕವಳಿ ಪೊದೆಗಳನ್ನು ಕಿತ್ತೆವು. ಜಾಗ ಸ್ವಚ್ಛ ಮಾಡುತ್ತಿದ್ದೇವೆ ಎಂದುಕೊಂಡಿದ್ದೆವು. ಇವತ್ತು ಅದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಸಸಿಗೆ ಬೇಸಿಗೆಯಲ್ಲಿ ನೀರು ಬೇಕು. ಟ್ಯಾಂಕರ್ ಖರ್ಚು ತಾಳಲಿಲ್ಲ. ಹಾಗಾಗಿ ಗುಡ್ಡದ ಬುಡದಲ್ಲಿ, ಸೆಲೆಯಿಂದ ಕೂಗಳತೆ ದೂರದಲ್ಲಿ, ಒಂದು ಬೋರು ಹಾಕಿಸಲು ಎಲ್ಲರೂ ಒಪ್ಪಿದರು. ನಾನೂ ಒಪ್ಪಿದೆ. ನೀರು ಬಿತ್ತು. ಪೈಪು ಎಳೆದೆವು. ಕೆಲವೇ ವಾರದಲ್ಲಿ ಸೆಲೆ ಸಣ್ಣಗಾಯಿತು. ಮಳೆ ಕಡಿಮೆ, ಅದಕ್ಕೆ ಎಂದು ಸಮಾಧಾನ ಮಾಡಿಕೊಂಡೆವು. ಮೋಟಾರು ಸುಟ್ಟು ಹತ್ತು ದಿನ ಬೋರು ನಿಂತಾಗ ಸೆಲೆಯ ಧಾರೆ ಮತ್ತೆ ಸ್ವಲ್ಪ ದಪ್ಪಗಾಯಿತು. ಆಗ ಗೊತ್ತಾಯಿತು. ಸೆಲೆಗೆ ಬರಬೇಕಾದ ನೀರನ್ನೇ ನಾವು ಗುಡ್ಡದ ಮೇಲೆ ಹತ್ತಿಸಿ ಸಸಿಗೆ ಹಾಕುತ್ತಿದ್ದೆವು.

ಮೋಟಾರು ರಿಪೇರಿ ಮಾಡಿಸಬೇಕೋ ಬೇಡವೋ? ಅಮ್ಮನ ಕಟ್ಟೆಯ ಮೇಲೆ ರಾತ್ರಿ ಹನ್ನೊಂದರವರೆಗೆ ಮಾತಾಯಿತು. ಸಸಿ ಹಚ್ಚಿದ ಹುಡುಗರು ಅಳುವ ಹಾಗಾದರು. ಕೊನೆಗೆ ಮೋಟಾರು ಎತ್ತುವುದೆಂದೇ ತೀರ್ಮಾನವಾಯಿತು. ಇಡೀ ಪ್ರಕರಣದಲ್ಲಿ ಅತಿ ಕಷ್ಟದ ತೀರ್ಮಾನ ಅದೇ. ಮುಂದಿನ ಮಳೆಗಾಲದ ಹೊತ್ತಿಗೆ ಹತ್ತು ಸಸಿಯಲ್ಲಿ ಒಂದು ಉಳಿದಿರುವುದೂ ಅನುಮಾನವಿತ್ತು.

ಕುರಿ ಕಾಯುವವರು ತೋರಿಸಿದ್ದು

2017ರ ಮಳೆಗಾಲದಲ್ಲಿ ಸತ್ತ ಸಸಿಗಳನ್ನು ಎಣಿಸಲು ಗುಡ್ಡ ಹತ್ತಿದೆವು. ಜೊತೆಗೆ ಕುರಿ ಕಾಯುವ ಹಿರಿಯರೊಬ್ಬರು ಬಂದರು. ನಾವು ಗುಂಡಿ ನೋಡುತ್ತಿದ್ದೆವು. ಅವರು ಗುಂಡಿಯ ಪಕ್ಕ ನೋಡುತ್ತಿದ್ದರು. ಒಂದು ಮುತ್ತಲದ ಮೋಟಿನ ಹತ್ತಿರ ನಿಂತು ಕೋಲಿನಿಂದ ತೋರಿಸಿದರು. "ಹೊಸಾದ್ ಹಚ್ಚಾಕ ಯಾಕ ಹೊಂಟೀರಿ? ಇದ್ದದ್ದ ಬದುಕೈತಿ ನೋಡ್ರಿ."

ಹೌದು, ಬದುಕಿತ್ತು. ಮುತ್ತಲದ ಬೇರಿನಿಂದ ಮೂರು ಕಡೆ ಚಿಗುರು ಎದ್ದಿತ್ತು. ಕಡಿದ ಬೇವಿನ ಬುಡದಲ್ಲೂ ಚಿಗುರು. ಮೊಣಕಾಲು ಎತ್ತರ ಆದಾಗ ಆಡು ತಿನ್ನುತ್ತದೆ, ಮತ್ತೆ ಚಿಗುರುತ್ತದೆ, ಮತ್ತೆ ತಿನ್ನುತ್ತದೆ. ಮೇಲೆ ಒಂದು ಗೇಣು ಇದ್ದರೂ ಕೆಳಗಿನ ಬೇರು ಹಳೆಯದು, ಆಳದ್ದು. ಕಲ್ಲಿನ ಬಿರುಕಿನಲ್ಲಿ ಇಳಿದು ನೀರು ಹುಡುಕಿಕೊಂಡ ಬೇರು. ನಮ್ಮ ಸಸಿಯ ಬೇರು ಪಾಲಿಥೀನ್ ಚೀಲದಲ್ಲಿ ಸುತ್ತಿಕೊಂಡಿದ್ದು. ಹೋಲಿಕೆಯೇ ಇಲ್ಲ.

ಅವರೇ ಇನ್ನೊಂದು ತೋರಿಸಿದರು. ಬಯಲಲ್ಲಿ ಬಿದ್ದ ಬೇವಿನ ಬೀಜ ಮೊಳೆತು ಸುಟ್ಟುಹೋಗಿತ್ತು. ಕವಳಿ ಪೊದೆಯ ಒಳಗೆ ಬಿದ್ದದ್ದು ಎರಡು ವರ್ಷದ ಗಿಡವಾಗಿತ್ತು. ಪೊದೆಯ ಮುಳ್ಳು ಆಡನ್ನು ತಡೆಯುತ್ತದೆ. ಅದರ ನೆರಳು ಮಣ್ಣಿನ ಬಿಸಿ ಇಳಿಸುತ್ತದೆ. ಬಾಣಂತಿಯ ಕೋಣೆ ಇದ್ದ ಹಾಗೆ. ಅಂಥ ಪೊದೆಗಳನ್ನೇ ನಾವು ಹಿಂದಿನ ವರ್ಷ ಕಿತ್ತು ಎಸೆದಿದ್ದೆವು.

ಅಲ್ಲಿಗೆ ಸಸಿ ಹಚ್ಚುವುದು ನಿಂತಿತು. ಗುಡ್ಡವನ್ನು ಮೂರು ಪಾಲು ಮಾಡಿ, ಒಂದು ಪಾಲಿಗೆ ಮೂರು ವರ್ಷ ಆಡು, ಕುರಿ ಬಿಡದಿರುವುದು ಎಂದು ಮಾತಾಯಿತು. ಕರಡ, ಅಂದರೆ ಒಣ ಹುಲ್ಲು, ಕೊಯ್ದು ತರಬಹುದು, ಮೇಯಿಸಬಾರದು. ಈ ಒಪ್ಪಂದ ಸುಲಭಕ್ಕೆ ಆಗಲಿಲ್ಲ. ಆಡು ಇರುವುದು ಹೊಲ ಇಲ್ಲದವರ ಬಳಿ. ಗುಡ್ಡ ಮುಚ್ಚಿದರೆ ಪೆಟ್ಟು ಬೀಳುವುದು ಅವರಿಗೇ. ಹೊಲ ಇದ್ದವರು ಕೊಯ್ಲಾದ ಮೇಲೆ ತಮ್ಮ ಹೊಲ, ಬದು ಅವರ ಆಡುಗಳಿಗೆ ಬಿಡುತ್ತೇವೆ ಎಂದು ಕಟ್ಟೆ ಮುಟ್ಟಿ ಹೇಳಿದ ಮೇಲೆಯೇ ಅವರು ಹೂಂ ಅಂದರು. ಆ ಮಾತು ಸಿಗದಿದ್ದರೆ ಮುಂದಿನ ಯಾವುದೂ ನಡೆಯುತ್ತಿರಲಿಲ್ಲ.

ಕೊಡದ ಲೆಕ್ಕ

ಎರಡನೆಯ ತಿರುವು 2018ರ ಮಾರ್ಚಿಯಲ್ಲಿ ಬಂತು. ಸೆಲೆಯಿಂದ ನೀರು ತರುವ ಒಬ್ಬ ಅಕ್ಕ ಸುಮ್ನೆ ಮಾತಿನ ನಡುವೆ ಹೇಳಿದರು: "ಮುಂಜಾನಿ ಕೊಡ ಲಗೂನ ತುಂಬತೈತ್ರಿ. ಸಂಜಿಗೆ ತಡ ಆಗತೈತಿ."

ಸಂಜೆಗೆ ಎಲ್ಲರೂ ಸಾಲಿಗೆ ನಿಲ್ಲುತ್ತಾರೆ, ಅದಕ್ಕೆ ಹಾಗನಿಸುತ್ತದೆ ಎಂದು ನಾನು ಅಂದುಕೊಂಡೆ. ಆದರೂ ಮೊಬೈಲ್ ಗಡಿಯಾರ ಹಿಡಿದು ಕೂತೆವು. ಒಂದೇ ಕೊಡ, ಒಂದೇ ಧಾರೆ. ಬೆಳಿಗ್ಗೆ ಆರಕ್ಕೆ ಕೊಡ ತುಂಬಲು 4 ನಿಮಿಷದ ಆಸುಪಾಸು. ಸಂಜೆ ಐದಕ್ಕೆ 6 ನಿಮಿಷದ ಹತ್ತಿರ. ಹತ್ತು ದಿನವೂ ಹೀಗೇ. ನಡುವೆ ಒಂದು ದಿನ ಮಾತ್ರ ಮೋಡ ಕವಿದಿತ್ತು. ಆ ದಿನ ಬೆಳಗು, ಸಂಜೆ ಎರಡೂ ಸರಿಸುಮಾರು ಒಂದೇ.

ಬಿಸಿಲಿದ್ದಾಗ ಮರ ಕುಡಿಯುತ್ತದೆ. ರಾತ್ರಿ ಕುಡಿಯುವುದನ್ನು ನಿಲ್ಲಿಸುತ್ತದೆ. ಮೋಡದ ದಿನ ಕಡಿಮೆ ಕುಡಿಯುತ್ತದೆ. ಅಂದರೆ ಸೆಲೆಯ ಮೇಲುಗಡೆ ಯಾವುದೋ ಮರ ಸೆಲೆಯ ನೀರಿಗೇ ಬಾಯಿ ಹಚ್ಚಿದೆ. ಇಂಥ ಹಗಲು-ರಾತ್ರಿಯ ಏರಿಳಿತವನ್ನು ನೋಡಿ ಗಿಡಗಳು ಎಷ್ಟು ಅಂತರ್ಜಲ ಕುಡಿಯುತ್ತವೆ ಎಂದು ಲೆಕ್ಕ ಹಾಕುವ ವಿಧಾನ ವಿಜ್ಞಾನಿಗಳಲ್ಲಿ 1930ರ ದಶಕದಿಂದಲೂ ಇದೆ. ಅಕ್ಕ ಅದನ್ನು ಕೊಡ ಹಿಡಿದು ಕಂಡುಕೊಂಡಿದ್ದರು.

ಹಾಗಾದರೆ ಮರ ಕಡಿದರೆ ನೀರು ಬರುತ್ತದಾ? ಸಭೆಯಲ್ಲಿ ಇಬ್ಬರು ಹಾಗೇ ಹೇಳಿದರು. ಅದು ಅಪಾಯದ ಮಾತು, ಆದರೆ ಪೂರ್ತಿ ಸುಳ್ಳಲ್ಲ. ಮರ ನೀರು ತರುತ್ತದೆ ಎಂದಷ್ಟೇ ನಮಗೆ ಶಾಲೆಯಲ್ಲಿ ಕಲಿಸಿದ್ದಾರೆ. ಮರ ನೀರು ಕುಡಿಯುತ್ತದೆ ಕೂಡ. ಬೇರು ಮಣ್ಣನ್ನು ಸಡಿಲ ಮಾಡಿ ಮಳೆ ನೀರನ್ನು ಒಳಗೆ ಬಿಡುತ್ತದೆ. ಅದೇ ಬೇರು ಆ ನೀರಿನಲ್ಲಿ ಒಂದು ಪಾಲು ತಾನೇ ಕುಡಿಯುತ್ತದೆ. ಆಫ್ರಿಕಾದ ಬುರ್ಕಿನಾ ಫಾಸೊದ ಒಣ ಹೊಲಗಳಲ್ಲಿ ಇದನ್ನು ಅಳೆದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಮರವೇ ಇಲ್ಲದ ಕಡೆಗಿಂತ, ಮರ ಕಿಕ್ಕಿರಿದ ಕಡೆಗಿಂತ, ಮರ ಹದವಾಗಿ ಚದುರಿ ನಿಂತ ಕಡೆ ಅಂತರ್ಜಲಕ್ಕೆ ಹೆಚ್ಚು ನೀರು ಇಳಿಯುತ್ತದೆ ಎಂದು ಅದು ಹೇಳಿತು.

ನಾವು ಸೆಲೆಯ ಮೇಲಿನ ಹಳ್ಳ ಹಿಡಿದು ನಡೆದೆವು. ಮಾರ್ಚಿಯ ಬಿಸಿಲು. ದಿಂಡಲ ಬೋಳು, ಮುತ್ತಲ ಬೋಳು, ಕಕ್ಕೆಯೂ ಬೋಳು. ಹಸಿರಾಗಿ ನಿಂತಿದ್ದು ಒಂದೇ: ಬಳ್ಳಾರಿ ಜಾಲಿ. ಹಳ್ಳದ ಎರಡೂ ದಂಡೆಗೆ ಗೋಡೆ ಕಟ್ಟಿದ ಹಾಗೆ.

ಗುಡ್ಡವನ್ನು ನೋಡುವ ನನ್ನ ಕಣ್ಣು ಬದಲಾಗಿದ್ದು ಅಲ್ಲಿ. ಬೋಳು ಮರ ನೋಡಿ ನಾವು ಅಯ್ಯೋ ಅಂದಿದ್ದೆವು. ಆದರೆ ಇಲ್ಲಿನ ಮರ ಎಲೆ ಉದುರಿಸುವುದು ಸೆಲೆ ಬಡವಾಗುವ ಹೊತ್ತಿಗೇ. ಎಲೆ ಇಲ್ಲದ ಮರ ಹೆಚ್ಚು ಕುಡಿಯುವುದಿಲ್ಲ. ತನ್ನ ಜೀವ ಉಳಿಸಿಕೊಳ್ಳಲು ಮಾಡಿದ ಉಳಿತಾಯದಿಂದ ಕೆಳಗಿನವರಿಗೂ ಒಂದು ಕೊಡ ಉಳಿಯುತ್ತದೆ. ಬಳ್ಳಾರಿ ಜಾಲಿ ಅಮೆರಿಕ ಖಂಡದ ಗಿಡ, 19ನೇ ಶತಮಾನದಲ್ಲಿ ಭಾರತಕ್ಕೆ ಬಂದದ್ದು. ಆಳಕ್ಕೆ ಬೇರು ಬಿಟ್ಟು, ಅಲ್ಲಿ ನೀರು ಸಿಕ್ಕರೆ ಬೇಸಿಗೆಯಿಡೀ ಎಲೆ ಇಟ್ಟುಕೊಳ್ಳುತ್ತದೆ. ನಮ್ಮ ಮರಗಳೆಲ್ಲ ಸಾಧು, ಹೊರಗಿನದು ಮಾತ್ರ ಕಳ್ಳ ಎಂದು ಹೇಳುತ್ತಿಲ್ಲ. ಬೇವು ಯುಗಾದಿಗೆ ಚಿಗುರುತ್ತದೆ, ಹೊಂಗೆಯೂ ಅಷ್ಟೇ. ಅವೂ ಬೇಸಿಗೆಯಲ್ಲಿ ಕುಡಿಯುತ್ತವೆ. ಯಾವ ಮರ, ಎಲ್ಲಿ ನಿಂತಿದೆ, ಯಾವ ತಿಂಗಳು ಅದರ ಮೇಲೆ ಎಲೆ ಇದೆ, ಎಷ್ಟು ದಟ್ಟವಾಗಿದೆ ಎನ್ನುವುದನ್ನು ಕೇಳಬೇಕು. ಮರ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಯೇ ತಪ್ಪು.

ಜಾಲಿ ತೆಗೆದದ್ದು

ಹಳ್ಳದ ಜಾಲಿ ಮಾತ್ರ ತೆಗೆಯುವುದು, ಊರಿನ ಇನ್ನೊಂದು ಬದಿಯ ಜಾಲಿ ಬಿಡುವುದು ಎಂದಾಯಿತು. ಅದು ಹಲವು ಮನೆಗಳ ಒಲೆಗೆ ಕಟ್ಟಿಗೆ. ಎಲ್ಲವನ್ನೂ ತೆಗೆದರೆ ಆ ಕೊಡಲಿ ಗುಡ್ಡ ಹತ್ತುತ್ತಿತ್ತು.

ಮೊದಲ ವರ್ಷ ನೆಲದ ಮಟ್ಟಕ್ಕೆ ಕಡಿದೆವು. ಮಳೆಗೆ ಇಮ್ಮಡಿ ಚಿಗುರಿತು. ಚಿಗುರುವ ಮೊಗ್ಗುಗಳು ಬುಡದಲ್ಲಿ, ಮಣ್ಣಿನೊಳಗೆ ಇರುತ್ತವೆ. ಅದರ ಕೆಳಗಿನಿಂದ ಅಗೆದು ತೆಗೆಯಬೇಕು. ಇನ್ನೊಂದು ತಪ್ಪೂ ಆಯಿತು. ಕಡಿದ ಮುಳ್ಳಿನ ಕೊಂಬೆಗಳನ್ನು ಮುಚ್ಚಿದ ಪಾಲಿಗೆ ಬೇಲಿಯಾಗಿ ಇಟ್ಟೆವು. ಅದರಲ್ಲಿ ಕಾಯಿ ಇತ್ತು. ಮುಂದಿನ ಮಳೆಗೆ ಬೇಲಿಯುದ್ದಕ್ಕೂ ಜಾಲಿಯ ಸಸಿ. ಕಾಯಿ ಕಟ್ಟುವ ಮೊದಲೇ ಕಡಿಯಬೇಕು ಎಂದು ಆಮೇಲೆ ಕಲಿತೆವು.

2019ರ ಮಳೆಗಾಲದಲ್ಲಿ ಸೆಲೆ ತುಂಬಿ ಹರಿಯಿತು. ಆ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದ್ದವು. ಹಾಗಾಗಿ ಜಾಲಿ ತೆಗೆದದ್ದಕ್ಕೆ ನೀರು ಬಂತು ಎಂದು ಹೇಳಿಕೊಳ್ಳುವುದು ಸುಳ್ಳಾಗುತ್ತದೆ. ಮಳೆ ಬಂತು, ನೀರು ಬಂತು. ಆದರೆ ಮುಂದಿನ ಬೇಸಿಗೆಯಲ್ಲಿ ಅಕ್ಕ ಮತ್ತೆ ಕೊಡ ಹಿಡಿದರು. ಬೆಳಗು, ಸಂಜೆಯ ಅಂತರ ಒಂದು ನಿಮಿಷಕ್ಕೂ ಕಡಿಮೆ ಇತ್ತು. ಮಳೆ ಜಾಸ್ತಿ ಆದ ಮಾತ್ರಕ್ಕೆ ಆ ಅಂತರ ಅಷ್ಟು ಇಳಿಯುತ್ತದೆ ಎಂದು ನನಗೆ ಅನಿಸುವುದಿಲ್ಲ. ಜಾಲಿ ತೆಗೆದದ್ದರ ಗುರುತು ಎಂದು ನಾನು ನಂಬುವುದು ಇದೊಂದನ್ನೇ.

ಅದೇ ಮಳೆ ನಾವು ಇಳಿಜಾರಿನಲ್ಲಿ ತೋಡಿದ್ದ ಕಾಲುವೆಗಳನ್ನು ಒಡೆದು, ಹೊಂಡಕ್ಕೆ ಹೂಳು ತಂದು ಹಾಕಿತು. ಒಂದು ಗೇಣು ಮಣ್ಣಿರುವ ಕಲ್ಲುಗುಡ್ಡದಲ್ಲಿ ಅಗೆಯಬಾರದು. ಸಿಕ್ಕ ಕಲ್ಲನ್ನು ಇಳಿಜಾರಿಗೆ ಅಡ್ಡ ಜೋಡಿಸಿದರೆ ಸಾಕು.

2023: ಪರೀಕ್ಷೆ

ಮೂರು ವರ್ಷ ಚೆನ್ನಾಗಿ ಹೋಯಿತು. ಮುಚ್ಚಿದ ಪಾಲಿನಲ್ಲಿ ಮುತ್ತಲ ಆಳೆತ್ತರ ಬಂತು. ಪೊದೆಗಳ ನಡುವಿನಿಂದ ಬೇವು ತಲೆ ಹಾಕಿತು. ಆಮೇಲೆ 2023 ಬಂತು. ಆ ವರ್ಷದ ಆಗಸ್ಟ್, 1901ರಿಂದ ಲೆಕ್ಕ ಇಟ್ಟ ಎಲ್ಲ ಆಗಸ್ಟ್‌ಗಳಲ್ಲಿ ದೇಶಕ್ಕೆ ಅತಿ ಒಣ ತಿಂಗಳು. ರಾಜ್ಯದ 223 ತಾಲೂಕುಗಳನ್ನು ಬರಪೀಡಿತ ಎಂದು ಸಾರಿದರು.

2024ರ ಬೇಸಿಗೆಯಲ್ಲಿ ಗುಡ್ಡ ಹತ್ತುವಾಗ ನನಗೆ ಭಯವಿತ್ತು. ಬೇರಿನಿಂದ ಎದ್ದ ಮುತ್ತಲ ಬಹುಪಾಲು ಬದುಕಿತ್ತು. ಪೊದೆಯೊಳಗಿನ ಬೇವು ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು, ಬಯಲಿನದು ಹೋಗಿತ್ತು. ಬಂದರಿಕೆಯ ಎಲೆಯ ಅಂಚು ಸುಟ್ಟಿತ್ತು, ಗಿಡ ಗಟ್ಟಿ ಇತ್ತು. ಮೇಲಿನ ಬಯಲಲ್ಲಿ ಮಾತ್ರ ಇನ್ನಷ್ಟು ದಿಂಡಲ ಸತ್ತಿತ್ತು. ಅಲ್ಲಿ ಬಿರುಕು ಕಡಿಮೆ, ಹಾಸುಗಲ್ಲು ಜಾಸ್ತಿ. ಎರಡು ಆಳು ದೂರದಲ್ಲಿ, ಬಿರುಕಿನ ಮೇಲೆ ನಿಂತ ದಿಂಡಲ ಹಸಿರು ಮೊಗ್ಗು ಬಿಟ್ಟಿತ್ತು. ಅದೇ ಜಾತಿ, ಅದೇ ಮಳೆ. ಕಾಲಡಿಯ ಬಿರುಕು ಒಂದೇ ವ್ಯತ್ಯಾಸ.

ಸೆಲೆ ಹೋಳಿ ಹುಣ್ಣಿಮೆ ದಾಟಿ ಒಂದು ವಾರಕ್ಕೆ ನಿಂತಿತು. 2016ರಲ್ಲಿ ಸಂಕ್ರಾಂತಿಗೂ ಮೊದಲೇ ನಿಂತಿತ್ತು. ಎರಡೂ ಬರ ಒಂದೇ ಥರ ಅಲ್ಲ. 2016ಕ್ಕೆ ಮೊದಲು ಎರಡು ವರ್ಷ ಮಳೆ ಕಡಿಮೆ ಇತ್ತು, ಈ ಸಲ ಹಿಂದಿನ ವರ್ಷಗಳ ನೀರು ಕಲ್ಲಿನಲ್ಲಿ ಉಳಿದಿತ್ತು. ಹಾಗಾಗಿ ಎರಡು ತಿಂಗಳ ಗಳಿಕೆ ಪೂರ್ತಿ ನಮ್ಮದಲ್ಲ. ಆದರೆ ಬಿಂದಿಗೆ ಹೊತ್ತವರಿಗೆ ಆ ಎರಡು ತಿಂಗಳು ಎರಡು ತಿಂಗಳೇ.

ಗುಡ್ಡ ಮೊದಲಿನ ಹಾಗೆ ಆಗುವುದಿಲ್ಲ ಎಂದು ಈಗ ನಾವು ಬಾಯಿಬಿಟ್ಟು ಹೇಳಲು ಶುರು ಮಾಡಿದ್ದೇವೆ. ಮೇಲಿನ ಬಯಲು ನಿಧಾನವಾಗಿ ದಿಂಡಲದಿಂದ ಬಿಳಿಜಾಲಿ, ಬಂದರಿಕೆಯ ಕೈಗೆ ಹೋಗುತ್ತಿದೆ. ಕಾಡು ಗಿಡ್ಡವಾಗುತ್ತಿದೆ, ಮುಳ್ಳಾಗುತ್ತಿದೆ. ಇದನ್ನು ಒಪ್ಪುವುದು ನನಗೆ ಕಷ್ಟ. ದಿಂಡಲದ ಬೀಜ ಆರಿಸಿ ಮೊಳಕೆ ಬರಿಸಲು ನೋಡಿದೆವು. ಅದರ ಬೀಜದಲ್ಲಿ ಬಹುಪಾಲು ಜೊಳ್ಳು, ಮೊಳೆತದ್ದು ಬೆರಳೆಣಿಕೆಯಷ್ಟು. ಆ ಕೆಲವನ್ನು ಬಿರುಕಿನ ಬಾಯಲ್ಲಿ, ಕವಳಿ ಪೊದೆಯ ನೆರಳಲ್ಲಿ ಇಟ್ಟಿದ್ದೇವೆ. ನೀರು ಹಾಕುತ್ತಿಲ್ಲ.

ಮೊದಲು ಮುಚ್ಚಿದ ಪಾಲನ್ನು ಈಗ ಮೇವಿಗೆ ಬಿಡಬೇಕು, ಮಾತಿನ ಪ್ರಕಾರ ಅವಧಿ ಎಂದೋ ಮುಗಿದಿದೆ. ಆಡು ಸಾಕುವವರು ಸರಿಯಾಗಿಯೇ ಕೇಳುತ್ತಿದ್ದಾರೆ. ಆದರೆ ದಿಂಡಲದ ಚಿಗುರು ಇನ್ನೂ ಆಡಿನ ಬಾಯಿಗೆ ಸಿಗುವ ಎತ್ತರದಲ್ಲಿದೆ. ಮಳೆಗಾಲದಲ್ಲಿ ಮುಚ್ಚಿ ಬೇಸಿಗೆಯಲ್ಲಿ ಬಿಡೋಣ ಎಂದು ಕೆಲವರು, ಬಯಲಿನ ತುಂಡು ಮಾತ್ರ ಮುಚ್ಚೋಣ ಎಂದು ಕೆಲವರು. ಕಾರ ಹುಣ್ಣಿಮೆಯ ಮರುದಿನ ಅಮ್ಮನ ಕಟ್ಟೆಯ ಮೇಲೆ ಮತ್ತೆ ಕೂರುವುದು ಎಂದಾಗಿದೆ. ಅಕ್ಕ ತಮ್ಮ ಕೊಡದ ಲೆಕ್ಕದ ವಹಿ ತರುತ್ತಾರೆ.